ನಿಯಮ ತಿಳಿಸುವ ಕೆಲಸ: ಎಂಜಿನಿಯರಿಂಗ್ ಕಾಲೇಜುಗಳ ಮೆಂಟರ್ ಪದ್ಧತಿ ಮತ್ತು ಕ್ರೂಕ್‌ಸ್ಟನ್ ವಾದದ ಮರುಪರಿಶೀಲನೆ

ಪದವಿ ವಿದ್ಯಾರ್ಥಿಗಳಿಗೆ ಶೈಕ್ಷಣಿಕ ಸಲಹೆ ಕೊಡುವುದೂ ಬೋಧನೆಯೇ ಎಂಬ ವಿಚಾರಕ್ಕೆ ಐವತ್ತು ವರ್ಷ ದಾಟಿದೆ. 1972ರಲ್ಲಿ ಅಮೆರಿಕದ ಬರ್ನ್ಸ್ ಕ್ರೂಕ್‌ಸ್ಟನ್ ಇದನ್ನು ಮಂಡಿಸಿ, ಸಲಹೆಯಲ್ಲಿ ಎರಡು ಬಗೆ ಗುರುತಿಸಿದರು. ವಿಧಾಯಕ ಸಲಹೆಯಲ್ಲಿ ಸಲಹೆಗಾರ ವೈದ್ಯನ ಹಾಗೆ ಹೇಳುತ್ತಾನೆ, ವಿದ್ಯಾರ್ಥಿ ರೋಗಿಯ ಹಾಗೆ ಪಾಲಿಸುತ್ತಾನೆ. ವಿಕಾಸಪರ ಸಲಹೆಯಲ್ಲಿ ಇಬ್ಬರೂ ಹೊಣೆ ಹಂಚಿಕೊಳ್ಳುತ್ತಾರೆ, ವಿದ್ಯಾರ್ಥಿ ತನ್ನ ದಾರಿಯನ್ನು ತಾನೇ ಕಂಡುಕೊಳ್ಳುತ್ತಾನೆ. ಅದೇ ವರ್ಷ ಟೆರಿ ಒಬ್ಯಾನಿಯನ್ ಸಲಹೆಗೆ ಐದು ಹಂತಗಳನ್ನು ಹಾಕಿಕೊಟ್ಟರು: ಬದುಕಿನ ಗುರಿ, ವೃತ್ತಿಯ ಗುರಿ, ಕೋರ್ಸಿನ ಆಯ್ಕೆ, ವಿಷಯಗಳ ಆಯ್ಕೆ, ಕೊನೆಗೆ ವೇಳಾಪಟ್ಟಿ. ಓದನ್ನು ಅರ್ಧಕ್ಕೆ ಬಿಡುವುದಕ್ಕೂ ಸಂಸ್ಥೆಯೊಳಗೆ ಬೆರೆಯದೆ ಉಳಿಯುವುದಕ್ಕೂ ಇರುವ ನಂಟನ್ನು 1975ರಲ್ಲಿ ವಿನ್ಸೆಂಟ್ ಟಿಂಟೊ ವಿವರಿಸಿದರು. ವಿಜ್ಞಾನ, ಎಂಜಿನಿಯರಿಂಗ್ ಬಿಟ್ಟುಹೋದವರು ಸಾಮರ್ಥ್ಯದಲ್ಲಿ ಉಳಿದವರಿಗಿಂತ ಹಿಂದಿರಲಿಲ್ಲ ಎಂದು 1997ರಲ್ಲಿ ಎಲೇನ್ ಸೀಮೋರ್ ಮತ್ತು ನ್ಯಾನ್ಸಿ ಹ್ಯೂಯಿಟ್ ತೋರಿಸಿದರು. ಇಷ್ಟನ್ನು ಒಪ್ಪಿಕೊಂಡೇ ಮುಂದೆ ಹೋಗಬಹುದು.

ನನ್ನ ತಕರಾರು ಒಂದೇ ಅಂಶದ ಮೇಲೆ. ಕ್ರೂಕ್‌ಸ್ಟನ್ ನಂತರದ ಬರವಣಿಗೆಯಲ್ಲಿ ವಿಧಾಯಕ ಸಲಹೆ ಕೀಳು, ವಿಕಾಸಪರ ಸಲಹೆ ಮೇಲು ಎಂಬ ತಾರತಮ್ಯ ಗಟ್ಟಿಯಾಗಿ ಕೂತಿದೆ. ನಿಯಮ ಹೇಳುವುದು ಕಚೇರಿಯವರ ಕೆಲಸ, ವ್ಯಕ್ತಿತ್ವ ರೂಪಿಸುವುದು ಗುರುವಿನ ಕೆಲಸ ಎಂಬ ಭಾವನೆ ನಮ್ಮ ಅಧ್ಯಾಪಕರಲ್ಲೂ ಇದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಸಂಯೋಜಿತ ಕಾಲೇಜುಗಳ ಮಟ್ಟಿಗೆ ಈ ತಾರತಮ್ಯ ನಿಲ್ಲುವುದಿಲ್ಲ.

ಒಬ್ಯಾನಿಯನ್ನರ ಕ್ರಮ ನಮ್ಮಲ್ಲಿ ಎಲ್ಲಿ ಮುರಿಯುತ್ತದೆ ಎಂಬುದನ್ನು ಮೊದಲು ನೋಡಬೇಕು. ಅವರ ಮೊದಲ ಮೂರು ಹಂತಗಳು ಇಲ್ಲಿ ಸಿಇಟಿಯ ಆಪ್ಷನ್ ಎಂಟ್ರಿಯಲ್ಲೇ ಮುಗಿದಿರುತ್ತವೆ. ರ‍್ಯಾಂಕ್ ಎಷ್ಟು, ಫೀ ಎಷ್ಟು, ಹಾಸ್ಟೆಲ್ ಸಿಗುತ್ತದೆಯೇ, ಯಾವ ಬ್ರ್ಯಾಂಚಿಗೆ ಕೆಲಸ ಸಿಗುತ್ತದೆಂದು ನೆಂಟರು ಹೇಳಿದರು ಎಂಬುದರ ಮೇಲೆ ಸೀಟು ನಿರ್ಧಾರವಾಗುತ್ತದೆ. ಸಲಹೆ ಕೊಡಬೇಕಾದ ಅಧ್ಯಾಪಕರನ್ನು ಮೆಂಟರ್ ಎನ್ನಿ, ಪ್ರಾಕ್ಟರ್ ಎನ್ನಿ, ಅವರು ವಿದ್ಯಾರ್ಥಿಯ ಮುಖ ನೋಡುವುದು ಆಮೇಲೆ. ನಾಲ್ಕನೆಯ ಹಂತವೂ ಕಿರಿದು. ಪಟ್ಟಿಯಲ್ಲಿ ಹಲವು ಎಲೆಕ್ಟಿವ್‌ಗಳಿದ್ದರೂ ವಿಭಾಗ ಯಾವುದನ್ನು ನಡೆಸುತ್ತದೋ ಅದನ್ನೇ ಓದಬೇಕು. ಹಾಗಾಗಿ ಆಯ್ಕೆಯ ಸುತ್ತ ಕಟ್ಟಿದ ಸಲಹಾ ಸಿದ್ಧಾಂತಕ್ಕೆ ಇಲ್ಲಿ ಸಿಗುವ ಜಾಗ ಕಡಿಮೆ. ವಿದ್ಯಾರ್ಥಿಯ ನಾಲ್ಕು ವರ್ಷಗಳ ಗತಿಯನ್ನು ನಿರ್ಧರಿಸುವುದು ನಿಯಮಾವಳಿ.

ಆ ನಿಯಮಾವಳಿ ಎಷ್ಟು ಸೂಕ್ಷ್ಮ ಎಂಬುದಕ್ಕೆ ವಿಟಿಯುವಿನ 2022ರ ಸ್ಕೀಮ್ ನೋಡಬಹುದು. ಆಂತರಿಕ ಮೌಲ್ಯಮಾಪನ 50 ಅಂಕ, ಸೆಮಿಸ್ಟರ್ ಕೊನೆಯ ಪರೀಕ್ಷೆ 50 ಅಂಕ. ಮೊದಲನೆಯದರಲ್ಲಿ ಕನಿಷ್ಠ 20, ಎರಡನೆಯದರಲ್ಲಿ ಕನಿಷ್ಠ 18 ಬೇಕು. ಮಾರ್ಕ್ಸ್ ಹಾಳೆ ಹಿಡಿದು ಬಂದ ಹುಡುಗ ಕೇಳುತ್ತಾನೆ: “ಸರ್, ಇಂಟರ್ನಲ್ಸಲ್ಲಿ ಇಪ್ಪತ್ತು ಬಂದಿದೆ. ಎಕ್ಸಾಮಲ್ಲಿ ಹದಿನೆಂಟು ತಗೊಂಡ್ರೆ ಪಾಸ್ ಅಲ್ವಾ?” ಅಲ್ಲ. ಎರಡೂ ಸೇರಿ ನೂರಕ್ಕೆ 40 ಆಗಲೇಬೇಕೆಂಬ ಮೂರನೆಯ ಷರತ್ತಿದೆ. 20 ಮತ್ತು 18 ಕೂಡಿದರೆ 38. ಎರಡು ಕನಿಷ್ಠಗಳನ್ನೂ ದಾಟಿದವನು ಫೇಲಾಗುತ್ತಾನೆ. ನೂರು ಅಂಕಕ್ಕೆ ಬರೆದು ಐವತ್ತಕ್ಕೆ ಇಳಿಸುವ ಪತ್ರಿಕೆಯಲ್ಲಿ ಅವನು ಗುರಿ ಇಡಬೇಕಾದದ್ದು 35 ಅಲ್ಲ, 40. ಇದು ಪರೀಕ್ಷೆಗೆ ಮುಂಚೆ ಗೊತ್ತಾದರೆ ಓದುವ ಕ್ರಮವೇ ಬದಲಾಗುತ್ತದೆ. ಫಲಿತಾಂಶ ಬಂದ ಮೇಲೆ ಗೊತ್ತಾದರೆ ಒಂದು ಬ್ಯಾಕ್‌ಲಾಗ್ ಅಷ್ಟೆ.

ಇದಕ್ಕಿಂತ ಕಠಿಣವಾದದ್ದು ಡಿಪ್ಲೊಮಾ ಮುಗಿಸಿ ನೇರವಾಗಿ ಮೂರನೆಯ ಸೆಮಿಸ್ಟರಿಗೆ ಸೇರುವವರ ವಿಷಯ. 2018ರ ಸ್ಕೀಮಿನಲ್ಲಿ ಇವರು ಮೂರು ಮತ್ತು ನಾಲ್ಕನೆಯ ಸೆಮಿಸ್ಟರುಗಳಲ್ಲಿ ಹೆಚ್ಚುವರಿ ಗಣಿತದ ಎರಡು ಪತ್ರಿಕೆಗಳನ್ನು ಓದಬೇಕಿತ್ತು. ಅವಕ್ಕೆ ಕ್ರೆಡಿಟ್ ಇರಲಿಲ್ಲ. ಮುಂದಿನ ವರ್ಷಕ್ಕೆ ಹೋಗುವ ಅರ್ಹತೆಯ ಲೆಕ್ಕದಲ್ಲೂ ಅವು ಬರುತ್ತಿರಲಿಲ್ಲ. ಆದರೆ ಅವನ್ನು ಮುಗಿಸದೆ ಪದವಿ ಇರಲಿಲ್ಲ. ಇಂಥ ಪತ್ರಿಕೆಯನ್ನು ಬದಿಗಿಡುವುದು ವಿದ್ಯಾರ್ಥಿಯ ದೃಷ್ಟಿಯಿಂದ ಸಹಜ: ಕ್ರೆಡಿಟ್ ಇರುವ ವಿಷಯಗಳು ಕುತ್ತಿಗೆಗೆ ಬಂದಿರುವಾಗ ಲೆಕ್ಕಕ್ಕಿಲ್ಲದ್ದನ್ನು ಯಾರು ಓದುತ್ತಾರೆ? ಪೆಟ್ಟು ಬೀಳುವುದು ಎಂಟನೆಯ ಸೆಮಿಸ್ಟರಿನಲ್ಲಿ, ಕೆಲಸಕ್ಕೆ ಸೇರುವ ಹೊತ್ತಿಗೆ. ಅದೇ ಸ್ಕೀಮಿನ ಎಐಸಿಟಿಇ ಆಕ್ಟಿವಿಟಿ ಪಾಯಿಂಟುಗಳೂ ಹೀಗೆಯೇ. ಮೊದಲ ವರ್ಷಕ್ಕೆ ಸೇರಿದವರಿಗೆ 100 ಪಾಯಿಂಟು ಬೇಕಿತ್ತು. ಅವು ಸಿಜಿಪಿಎಗೆ ಸೇರುತ್ತಿರಲಿಲ್ಲ, ಆದರೆ ಅವಿಲ್ಲದೆ ಎಂಟನೆಯ ಸೆಮಿಸ್ಟರಿನ ಗ್ರೇಡ್ ಕಾರ್ಡ್ ಕೈಗೆ ಬರುತ್ತಿರಲಿಲ್ಲ.

ಇವೆಲ್ಲ ವಿಟಿಯು ಜಾಲತಾಣದಲ್ಲಿ ಇರುವ ಮಾಹಿತಿಯೇ ಅಲ್ಲವೇ ಎಂದು ಕೇಳಬಹುದು. ಇವೆ, ಇಂಗ್ಲಿಷಿನಲ್ಲಿ, ಕಾನೂನಿನ ವಾಕ್ಯಗಳಲ್ಲಿ. ಅಕ್ಕನೋ ಅಣ್ಣನೋ ಎಂಜಿನಿಯರ್ ಆಗಿರುವ ಮನೆಯ ಮಕ್ಕಳಿಗೆ ಇದು ಊಟದ ಹೊತ್ತಿನಲ್ಲೇ ಕಿವಿಗೆ ಬಿದ್ದಿರುತ್ತದೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಹತ್ತಿದವರಿಗೆ, ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಗುವುದು ಸೀನಿಯರುಗಳ ಬಾಯಿಮಾತು, ಅದೂ ಹಿಂದಿನ ಸ್ಕೀಮಿನದು. ಕ್ರೂಕ್‌ಸ್ಟನ್ ಮಾದರಿಯಲ್ಲಿ ಹೇಳದೆ ಉಳಿದಿರುವ ಒಂದು ಊಹೆ ಇಲ್ಲಿ ಬಯಲಾಗುತ್ತದೆ: ವಿದ್ಯಾರ್ಥಿಗೆ ಏನು ಕೇಳಬೇಕೆಂದು ಗೊತ್ತಿರುತ್ತದೆ ಎಂಬ ಊಹೆ. ಗೊತ್ತಿಲ್ಲದವನ ಮುಂದೆ ಹೊಣೆ ಹಂಚಿಕೊಳ್ಳೋಣ ಎಂದು ಕೂತರೆ, ಮನೆಯಲ್ಲೇ ತಿಳಿದು ಬಂದವನಿಗೆ ಮಾತ್ರ ಅದು ಸಹಾಯವಾಗುತ್ತದೆ.

ಆದ್ದರಿಂದ ನಿಯಮವನ್ನು ಸರಿಯಾಗಿ, ಸಕಾಲಕ್ಕೆ, ಕಾರಣದೊಂದಿಗೆ ತಿಳಿಸುವುದು ನಮ್ಮ ಕಾಲೇಜುಗಳಲ್ಲಿ ವಿಕಾಸಪರ ಸಲಹೆಯ ಮೊದಲ ರೂಪ ಎಂದು ನಾನು ವಾದಿಸುತ್ತೇನೆ. ಈ ಮಾತಿಗೆ ಮಿತಿಗಳನ್ನೂ ಹೇಳಬೇಕು. ಇದು ಸಂಯೋಜಿತ ಕಾಲೇಜುಗಳಿಗೆ ಅನ್ವಯಿಸುವ ಮಾತು. ವಿಷಯಗಳ ಆಯ್ಕೆ ನಿಜವಾಗಿಯೂ ವಿಸ್ತಾರವಾಗಿರುವ ಸಂಸ್ಥೆಗಳಲ್ಲಿ ಒಬ್ಯಾನಿಯನ್ನರ ಕ್ರಮಕ್ಕೆ ಹೆಚ್ಚಿನ ಬೆಲೆ ಇದ್ದೀತು. ಮೊದಲೆರಡು ವರ್ಷಗಳಿಗೆ ಒಪ್ಪುವಷ್ಟು ಇದು ಕೊನೆಯ ವರ್ಷಕ್ಕೆ ಒಪ್ಪದಿರಬಹುದು. ಶೇ. 85 ಹಾಜರಿ ಬೇಕು ಎಂದು ಗದರುವುದು ಬೇರೆ. ಪ್ರಾಂಶುಪಾಲರ ಶಿಫಾರಸಿನ ಮೇಲೆ ಶೇ. 10ರವರೆಗೆ ವಿನಾಯಿತಿ ಸಿಗಬಹುದು, ಅದಕ್ಕೆ ವೈದ್ಯಕೀಯ ದಾಖಲೆ ಇಟ್ಟುಕೋ ಎಂದು ಹೇಳುವುದು ಬೇರೆ. ನನ್ನ ವಾದ ಎರಡನೆಯದಕ್ಕೆ ಮಾತ್ರ. ನಿಯಮ ತಿಳಿದರೆ ಸಾಕು, ಕಲಿಕೆ ತಾನಾಗಿ ಬರುತ್ತದೆ ಎಂದೂ ನಾನು ಹೇಳುತ್ತಿಲ್ಲ. ಗಣಿತದಲ್ಲಿ ಸೋಲುವವನಿಗೆ ಗಣಿತವನ್ನೇ ಕಲಿಸಬೇಕು.

ಮಾರ್ಕ್ ಲೋವೆನ್‌ಸ್ಟೈನ್ 2005ರ ಲೇಖನದಲ್ಲಿ ವಿಧಾಯಕ, ವಿಕಾಸಪರ ಸಲಹೆಗಳ ಜಗಳವನ್ನು ದಾಟಲು ಯತ್ನಿಸಿ, ಪಠ್ಯಕ್ರಮದ ಒಳತರ್ಕವನ್ನು ವಿದ್ಯಾರ್ಥಿಗೆ ಕಾಣಿಸುವುದೇ ಸಲಹೆಗಾರನ ಬೋಧನೆ ಎಂದಿದ್ದಾರೆ. ನನ್ನ ನಿಲುವಿಗೆ ಇದು ಹತ್ತಿರದ್ದು. ಆದರೆ ಪಠ್ಯಕ್ರಮದ ತರ್ಕ ಬೇರೆ, ನಿಯಮಾವಳಿಯ ತರ್ಕ ಬೇರೆ. ಹೆಚ್ಚುವರಿ ಗಣಿತ ಏಕಿದೆ ಎಂಬುದು ಮೊದಲನೆಯದಕ್ಕೆ ಸೇರಿದ್ದು. ಅದನ್ನು ಬಿಟ್ಟರೆ ಯಾವಾಗ ಪೆಟ್ಟು ಬೀಳುತ್ತದೆ ಎಂಬುದು ಎರಡನೆಯದಕ್ಕೆ. ಲೋವೆನ್‌ಸ್ಟೈನ್ ಎರಡನೆಯದನ್ನು ಗಣನೆಗೆ ತೆಗೆದುಕೊಂಡಿಲ್ಲ ಎಂದೇ ನನಗನ್ನಿಸುತ್ತದೆ.

ನಮ್ಮ ಮೆಂಟರ್ ಪುಸ್ತಕಗಳ ಸಾಮಾನ್ಯ ವಿನ್ಯಾಸವೂ ಇದೇ ಕೊರತೆಯನ್ನು ತೋರಿಸುತ್ತದೆ. ಪೋಷಕರ ಫೋನ್ ನಂಬರು, ಇಂಟರ್ನಲ್ಸ್ ಅಂಕ, ಹಾಜರಿಯ ಶೇಕಡಾವಾರು, ಎರಡು ಸಹಿಗಳಿಗೆ ಅಂಕಣಗಳಿವೆ. ‘ರಿಮಾರ್ಕ್ಸ್’ ಅಂಕಣದಲ್ಲಿ ಚೆನ್ನಾಗಿ ಓದಲು ಸೂಚಿಸಲಾಗಿದೆ ಎಂಬರ್ಥದ ಒಂದು ಸಾಲು ಪ್ರತಿ ಭೇಟಿಗೂ ಬರುತ್ತದೆ. ಯಾವ ನಿಯಮ ತಿಳಿಸಲಾಯಿತು ಎಂದು ಬರೆಯಲು ಜಾಗವಿಲ್ಲ. ಕಾಲೇಜುಗಳಿಗೆ ಮಾನ್ಯತೆ ಕೊಡುವ ಸಂಸ್ಥೆಗಳಲ್ಲಿ ನ್ಯಾಕ್ ಕೇಳುತ್ತಿದ್ದುದು ಮೆಂಟರ್ ಮತ್ತು ವಿದ್ಯಾರ್ಥಿಗಳ ಅನುಪಾತ. ಎನ್‌ಬಿಎ ಕೇಳಿಕೊಂಡು ಬಂದಿರುವುದು ಒಬ್ಬರಿಗೆ ಎಷ್ಟು ವಿದ್ಯಾರ್ಥಿಗಳು, ಎಷ್ಟು ಸಲ ಭೇಟಿ ಎಂದು. ಕೇಳಿದ್ದಕ್ಕೆ ತಕ್ಕ ಪುಸ್ತಕವನ್ನೇ ಕಾಲೇಜುಗಳು ಅಚ್ಚು ಹಾಕಿಸಿವೆ.

ನಿಯಮ ತಿಳಿದ ವಿದ್ಯಾರ್ಥಿಗಳ ಇಯರ್ ಬ್ಯಾಕ್ (ಮುಂದಿನ ವರ್ಷಕ್ಕೆ ಹೋಗಲಾಗದೆ ಉಳಿಯುವ) ಪ್ರಮಾಣ ನಿಜಕ್ಕೂ ಇಳಿಯುತ್ತದೆಯೇ ಎಂಬುದನ್ನು ಒಂದೇ ಕಾಲೇಜಿನ ಎರಡು ಬ್ಯಾಚುಗಳನ್ನು ಹೋಲಿಸಿ ನೋಡಬೇಕು; ಈ ಲೇಖನದ ವಾದ ಅಂಥ ಪರೀಕ್ಷೆಗೆ ತೆರೆದಿದೆ. ಹಾಸ್ಟೆಲಿನ ಹುಡುಗಿಯರಿಗೂ ದಿನಾ ಬಸ್ಸಿನಲ್ಲಿ ಬರುವವರಿಗೂ ಮಾಹಿತಿ ಒಂದೇ ಹಾದಿಯಲ್ಲಿ ತಲುಪುತ್ತದೆಯೇ ಎಂಬುದೂ ಬೇರೆ ಅಧ್ಯಯನಕ್ಕೆ ಬಿಟ್ಟ ಪ್ರಶ್ನೆ. ಆದರೆ ಒಂದು ಕೆಲಸಕ್ಕೆ ಅಧ್ಯಯನದ ಫಲ ಕಾಯಬೇಕಿಲ್ಲ. ವಿಟಿಯು 2022ರ ಸ್ಕೀಮಿನಲ್ಲಿ ಸಾಂಸ್ಕೃತಿಕ ಕನ್ನಡ, ಬಳಕೆ ಕನ್ನಡ ಪತ್ರಿಕೆಗಳನ್ನು ಇಟ್ಟಿದೆ. ಉತ್ತೀರ್ಣತೆ, ಹಾಜರಿ, ಬ್ಯಾಕ್‌ಲಾಗ್‌ಗಳ ನಿಯಮಗಳನ್ನು ಅದೇ ಕನ್ನಡದಲ್ಲಿ ನಾಲ್ಕು ಪುಟಕ್ಕೆ ಇಳಿಸಿ, ಮೊದಲ ಸೆಮಿಸ್ಟರಿನ ಮೊದಲ ತಿಂಗಳಲ್ಲೇ ಪ್ರತಿ ವಿದ್ಯಾರ್ಥಿಯ ಮನೆಗೆ ತಲುಪಿಸುವ ವ್ಯವಸ್ಥೆಯನ್ನು ವಿಶ್ವವಿದ್ಯಾಲಯ ಮಾಡಬೇಕು.