ಮಾತ್ರೆ ಚೀಟಿಯ ಆ 24 ಗಂಟೆ

ಸುಮಟ್ರಿಪ್ಟಾನ್ ಮಾತ್ರೆಯ ಡಬ್ಬಿಯೊಳಗೆ ಮಡಚಿಟ್ಟ ಉದ್ದನೆಯ ಚೀಟಿ ಇರುತ್ತಲ್ಲ, ಅದನ್ನು ಎಂದಾದರೂ ಪೂರ್ತಿ ಓದಿದ್ದೀರಾ? ಅರೆತಲೆನೋವು ಬಂದಾಗ ಆ ಸಣ್ಣ ಅಕ್ಷರ ನೋಡಿದರೇ ವಾಕರಿಕೆ, ನಿಜ. ಆದರೆ ಅದರಲ್ಲೊಂದು ಎಚ್ಚರಿಕೆ ಇದೆ: ಎರ್ಗೋಟಮೀನ್ ತಗೊಂಡಿದ್ದರೆ 24 ಗಂಟೆ ಕಳೆಯೋವರೆಗೆ ಈ ಮಾತ್ರೆ ಬೇಡ. ಯಾಕೆ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮಧ್ಯಯುಗದ ಯುರೋಪಿನಲ್ಲಿ ಬಡವರ ಧಾನ್ಯ ರೈ. ತೇವ ಹೆಚ್ಚಾದ ವರ್ಷ ಅದರ ತೆನೆಗೆ ಎರ್ಗಾಟ್ ಅನ್ನೋ ಶಿಲೀಂಧ್ರ ತಗುಲಿ, ಕಾಳಿನ ಜಾಗದಲ್ಲಿ ಕಪ್ಪು ಕೊಂಬಿನಂಥದ್ದು ಮೂಡುತ್ತಿತ್ತು. ಅದು ಹಿಟ್ಟಿಗೆ ಸೇರಿದರೆ ಬ್ರೆಡ್ ತಿಂದವರ ಕೈಕಾಲು ಬೆಂಕಿಯಲ್ಲಿಟ್ಟಂತೆ ಉರಿದು, ರಕ್ತ ಹರಿಯದೆ ಕಪ್ಪಾಗಿ, ಕೆಲವರಿಗೆ ಕಳಚಿಯೇ ಬೀಳುತ್ತಿದ್ದವು. ಜನ ಅದನ್ನು ಸಂತ ಆಂಟನಿಯ ಬೆಂಕಿ ಅಂದರು. ಒಳಗೆ ಆಗುತ್ತಿದ್ದದ್ದು ಇಷ್ಟೇ: ರಕ್ತನಾಳಗಳು ಹಿಂಡಿದ ಹಾಗೆ ಬಿಗಿದುಕೊಳ್ಳುತ್ತಿದ್ದವು.

1918ರಲ್ಲಿ ಬಾಸೆಲ್‌ನ ಸ್ಯಾಂಡೋಜ್ ಕಂಪನಿಯಲ್ಲಿ ಆರ್ಥರ್ ಸ್ಟೋಲ್ ಅದೇ ಶಿಲೀಂಧ್ರದಿಂದ ಎರ್ಗೋಟಮೀನ್ ಬೇರ್ಪಡಿಸಿದರು. 1920ರ ದಶಕದಲ್ಲೇ ಅದು ಅರೆತಲೆನೋವಿಗೆ ಮದ್ದಾಯಿತು. ಇದನ್ನು ಕೊಟ್ಟಾಗ ಕಣತಲೆಯ ನಾಳದ ಮಿಡಿತ ತಗ್ಗುತ್ತೆ, ಜೊತೆಗೇ ನೋವೂ ಇಳಿಯುತ್ತೆ ಅಂತ 1938ರಲ್ಲಿ ಅಮೆರಿಕದ ಗ್ರಹಾಂ ಮತ್ತು ವುಲ್ಫ್ ತೋರಿಸಿದರು. ಒಳ್ಳೇದೇ. ಆದರೆ ಎರ್ಗೋಟಮೀನ್‌ಗೆ ತಲೆ ಯಾವುದು, ಕಾಲು ಯಾವುದು ಅನ್ನೋ ಭೇದವಿಲ್ಲ. ಎಲ್ಲ ಕಡೆಯ ನಾಳವನ್ನೂ ಬಿಗಿಯುತ್ತೆ, ಬೇಗ ಬಿಡೋದೂ ಇಲ್ಲ.

1960ರ ದಶಕದಲ್ಲಿ ಸಿಡ್ನಿಯ ಜೇಮ್ಸ್ ಲ್ಯಾನ್ಸ್ ಮತ್ತು ಸಂಗಡಿಗರು ಇನ್ನೊಂದು ಸುಳಿವು ಕಂಡರು. ನೋವಿನ ಹೊತ್ತಿನಲ್ಲಿ ರಕ್ತದ ಸೆರೊಟೋನಿನ್ ಇಳಿಯುತ್ತೆ. ಅದನ್ನು ರಕ್ತನಾಳಕ್ಕೆ ಚುಚ್ಚಿದರೆ ನೋವು ತಗ್ಗುತ್ತೆ. ಅಡ್ಡಪರಿಣಾಮ ಜಾಸ್ತಿ, ಹಾಗಾಗಿ ಅದನ್ನೇ ಮದ್ದಾಗಿ ಕೊಡುವಂತಿರಲಿಲ್ಲ. ಇಂಗ್ಲೆಂಡಿನ ಗ್ಲ್ಯಾಕ್ಸೋದಲ್ಲಿ ಪ್ಯಾಟ್ರಿಕ್ ಹಂಫ್ರಿ ತಂಡ 1972ರಿಂದ ಹುಡುಕಿದ್ದು ತಲೆಯ ನಾಳಗಳನ್ನಷ್ಟೇ ತಟ್ಟೋ ಅಣುವನ್ನು. ದಾರಿ ತೋರಿಸಿದ್ದು, ನಗಬೇಡಿ, ನಾಯಿಯ ಕಾಲಿನ ಒಂದು ರಕ್ತನಾಳ! 1984ರಲ್ಲಿ ಸುಮಟ್ರಿಪ್ಟಾನ್ ತಯಾರಾಯಿತು. 1991ರಲ್ಲಿ ಯುರೋಪಿನಲ್ಲಿ ಮಾರಾಟಕ್ಕೆ ಬಂತು.

ಗುರಿ ಬಹುಮಟ್ಟಿಗೆ ಸರಿಯಾಗಿತ್ತು, ಪೂರ್ತಿ ಅಲ್ಲ. ಹೃದಯದ ನಾಳಗಳನ್ನೂ ಇದು ಸ್ವಲ್ಪ ಬಿಗಿಯುತ್ತೆ. ಅದಕ್ಕೇ ಹೃದಯರೋಗ ಇರೋರಿಗೆ, ಪಾರ್ಶ್ವವಾಯು ಆದವರಿಗೆ, ಹತೋಟಿಗೆ ಬಾರದ ರಕ್ತದೊತ್ತಡ ಇರೋರಿಗೆ ಟ್ರಿಪ್ಟಾನ್ ಕೊಡಲ್ಲ.

ಈಗ ನಿಮ್ಮ ಮನೆಯ ಔಷಧಿ ಡಬ್ಬಿಗೆ ಬನ್ನಿ. ಎರ್ಗೋಟಮೀನ್ ಜೊತೆ ಕೆಫೀನ್, ಪ್ಯಾರಾಸಿಟಮಾಲ್ ಸೇರಿಸಿದ ಮಾತ್ರೆ ಭಾರತದಲ್ಲಿ ಅನೇಕರಿಗೆ ಪರಿಚಿತ. ಊರಿಂದ ಹೊರಡುವಾಗ ಅಮ್ಮ ಚಟ್ನಿಪುಡಿ ಜೊತೆ ಎರಡು ಸ್ಟ್ರಿಪ್ ಕಟ್ಟಿಕೊಡೋದೂ ಉಂಟು. ಇಲ್ಲಿನ ಡಾಕ್ಟರ್ ಬರೆದುಕೊಡೋದು ಟ್ರಿಪ್ಟಾನ್. ಬೆಳಿಗ್ಗೆ ಅದು, ಸಂಜೆ ಇದು ಅಂದರೆ ಒಂದೇ ನಾಳವನ್ನು ಎರಡು ಕೈ ಸೇರಿ ಹಿಂಡಿದ ಹಾಗೆ. ಯಾವುದು ಮೊದಲಾದರೂ 24 ಗಂಟೆ ಬಿಡಲೇಬೇಕು. ಸ್ಟ್ರಿಪ್ ತಿರುಗಿಸಿ ನೋಡಿ: ದೊಡ್ಡದಾಗಿರೋ ಬ್ರ್ಯಾಂಡ್ ಹೆಸರಲ್ಲ, ಕೆಳಗೆ ಚಿಕ್ಕದಾಗಿರೋ ಔಷಧದ ಹೆಸರು ಓದಿ. ಡಾಕ್ಟರ್ ಹತ್ತಿರ ಹೋಗುವಾಗ ಊರಿನ ಮಾತ್ರೆಯನ್ನೂ, ಖಿನ್ನತೆಗೆ ಏನಾದರೂ ತಗೊಳ್ಳುತ್ತಿದ್ದರೆ ಅದನ್ನೂ ಮುಚ್ಚಿಡದೆ ತೋರಿಸಿ. ಮಾತ್ರೆ ನುಂಗಿದ ಮೇಲೆ ಎದೆ ಹಿಂಡಿ ಬಿಡದೇ ಇದ್ದರೆ ಕಾಯಬೇಡಿ, ಆಂಬುಲೆನ್ಸ್ ಕರೆಯಿರಿ.

ಹಾಗೇ ತಿಂಗಳಲ್ಲಿ 10 ದಿನ ಅಥವಾ ಹೆಚ್ಚು ಟ್ರಿಪ್ಟಾನ್ ಬೇಕಾಗುತ್ತಿದ್ದರೆ ಆ ಮಾತ್ರೆಯೇ ಹೊಸ ತಲೆನೋವು ತರಬಹುದು. 2019ರಿಂದೀಚೆಗೆ ಅಮೆರಿಕದಲ್ಲಿ ನಾಳ ಬಿಗಿಯದ ಹೊಸ ಮದ್ದುಗಳೂ ಬಂದಿವೆ. ಅವು ನಿಮಗೆ ಹೊಂದುತ್ತವೆಯೇ ಅಂತ ಡಾಕ್ಟರನ್ನು ಕೇಳಬಹುದು.