ಶ್ಕೋದ್ರಾದ ಸ್ಮಶಾನದಲ್ಲಿ ಬಲಿಪೂಜೆ

ಕಮ್ಯುನಿಸ್ಟ್ ಆಡಳಿತದ ಪತನದಲ್ಲಿ ಚರ್ಚಿನ ಪಾತ್ರವೆಂದರೆ ನಮಗೆ ಥಟ್ಟನೆ ನೆನಪಾಗುವುದು ಪೋಲೆಂಡ್. ಅಲ್ಲಿ ಚರ್ಚ್ ಬಲಿಷ್ಠವಾಗಿತ್ತು. ಆದರೆ ಮುಸ್ಲಿಮರೇ ಹೆಚ್ಚಿದ್ದ ಅಲ್ಬೇನಿಯಾದಲ್ಲಿ ಚರ್ಚೂ ಉಳಿದಿರಲಿಲ್ಲ, ಮಸೀದಿಯೂ ಉಳಿದಿರಲಿಲ್ಲ. 1967ರಲ್ಲಿ ಎನ್ವರ್ ಹೋಜಾ (ಈತ ಮುಸ್ಲಿಂ ಮನೆತನದವನೇ!) ಎಲ್ಲಕ್ಕೂ ಬೀಗ ಜಡಿಸಿದ್ದ. ಶ್ಕೋದ್ರಾ ಪಟ್ಟಣದ ಕೆಥೆಡ್ರಲ್ ಆಟದ ಅಂಗಳವಾಗಿತ್ತು.

1990ರ ನವೆಂಬರ್ 4. ಪಕ್ಷವಿನ್ನೂ ಅಧಿಕಾರದಲ್ಲಿತ್ತು. 26 ವರ್ಷ ಸೆರೆಯಲ್ಲಿ ಕಳೆದಿದ್ದ ಪಾದ್ರಿ ಸಿಮೋನ್ ಯುಬಾನಿ ಆ ಊರಿನ ಕ್ಯಾಥೊಲಿಕ್ ಸ್ಮಶಾನದಲ್ಲಿ ಬಹಿರಂಗವಾಗಿ ಬಲಿಪೂಜೆ ಅರ್ಪಿಸಿದರು. ನೆರೆದ ಜನರಲ್ಲಿ ಮುಸ್ಲಿಮರೂ ಇದ್ದರು. ಇಪ್ಪತ್ತಮೂರು ವರ್ಷ ನಮಾಜಿಗೆ ಸಾಲುಗಟ್ಟಿ ನಿಲ್ಲಲಾಗದವರು ಮೊದಲು ಬಂದು ನಿಂತದ್ದು ನೆರೆಯವರ ಗೋರಿಗಳ ನಡುವೆ!

ನವೆಂಬರ್ 16, ಶುಕ್ರವಾರ. ಸೀಸದ ಮಸೀದಿ ತೆರೆಯಿತು. ತಾವೂ ವರ್ಷಗಟ್ಟಲೆ ಸೆರೆಯಲ್ಲಿದ್ದ ಹಾಫಿಜ್ ಸಬ್ರಿ ಕೋಚಿ ಜುಮಾ ನಮಾಜಿಗೆ ಇಮಾಮರಾದರು. ಅಂದು ಕ್ರೈಸ್ತರೂ ಬಂದಿದ್ದರು.