ಪ್ರಾಕ್ಟಿಕಾ ಮಾಡಿದ ಕೈಗಳು

ಹುಬ್ಬಳ್ಳಿಯ ಫೋಟೊ ಸ್ಟುಡಿಯೊಗಳಲ್ಲಿ 1970–80ರ ದಶಕಗಳಲ್ಲಿ ಕೆಲಸ ಕಲಿತ ನನ್ನಂಥವರಿಗೆ ಪೂರ್ವ ಜರ್ಮನಿ ಅಂದಕೂಡಲೇ ನೆನಪಾಗುವುದು ಓರ್ವೋ ಫಿಲ್ಮು ಮತ್ತು ಪ್ರಾಕ್ಟಿಕಾ ಕ್ಯಾಮೆರಾ. ಬರ್ಲಿನ್ ಗೋಡೆ ಆಮೇಲೆ. ಕೊಡಕ್ ರೋಲು ಸಿಗುವುದೇ ಕಷ್ಟ, ಸಿಕ್ಕರೂ ದುಬಾರಿ. ಊಟಿಯಲ್ಲಿ ತಯಾರಾಗುತ್ತಿದ್ದ ‘ಇಂದು’ ಫಿಲ್ಮು ಇತ್ತು, ಅದರ ಜೊತೆಗೆ ಓರ್ವೋ. ಭಾರತ ಆಗ ಸಮಾಜವಾದಿ ದೇಶಗಳ ಜೊತೆ ರೂಪಾಯಿಯಲ್ಲೇ ವ್ಯಾಪಾರ ಮಾಡುತ್ತಿದ್ದುದರಿಂದ ಡಾಲರಿನ ತಾಪತ್ರಯವಿಲ್ಲದೆ ಆ ಮಾಲು ಬರುತ್ತಿತ್ತು. ಸಿನಿಮಾದವರೂ ಅದನ್ನು ಬಳಸುತ್ತಿದ್ದರು. ತೆರೆಯ ಮೇಲೆ ‘ಓರ್ವೋ ಕಲರ್’ ಎಂದು ಬರುತ್ತಿದ್ದುದು ಹಳಬರಿಗೆ ನೆನಪಿರಬೇಕು.

ನಮ್ಮ ತಂದೆಯವರು ಕೊಂಡ ಪ್ರಾಕ್ಟಿಕಾ ಎಂಟಿಎಲ್ 3 ಈಗಲೂ ನನ್ನ ಬಳಿ ಇದೆ. ತೂಕದ ಕ್ಯಾಮೆರಾ. ಒತ್ತುವ ಗುಂಡಿ ನೆತ್ತಿಯ ಮೇಲಿಲ್ಲ, ಮುಂಭಾಗದಲ್ಲಿ ಓರೆಯಾಗಿ ಕೂತಿದೆ. ತೋರುಬೆರಳು ತಾನಾಗಿ ಅಲ್ಲಿಗೇ ಹೋಗುತ್ತದೆ. ಶಟರ್ ಬಟ್ಟೆಯದ್ದಲ್ಲ, ಲೋಹದ್ದು. ಲೆನ್ಸನ್ನು ತಿರುಪಿನಂತೆ ತಿರುಗಿಸಿ ಕೂಡಿಸಬೇಕು. ಆ ತಿರುಪಿನ ಅಳತೆಯನ್ನು ಬೇರೆ ದೇಶಗಳ ಕಂಪನಿಗಳೂ ಒಪ್ಪಿಕೊಂಡಿದ್ದರಿಂದ ಯಾರ ಲೆನ್ಸಾದರೂ ಕೂಡುತ್ತಿತ್ತು. ಮದುವೆ ಮನೆಗಳ ಹೊಗೆ, ಧೂಳು, ಅಕ್ಷತೆ ಎಲ್ಲವನ್ನೂ ತಡೆದುಕೊಂಡ ಯಂತ್ರ ಅದು.

ಅದನ್ನು ಮಾಡಿದ ದೇಶ ಇದ್ದದ್ದು 1949ರಿಂದ 1990ರ ಅಕ್ಟೋಬರ್ 2ರ ತನಕ. ಮಗಳು ಲೈಪ್‌ಜಿಗ್‌ನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಆ ಕಡೆ ಹೋಗಿ ಇರುವ ಅವಕಾಶ ಬಂತು. ಅರಮನೆ, ಚರ್ಚು ತೋರಿಸುತ್ತೇನೆ ಎಂದಳು. ನಾನು ಕಾರ್ಖಾನೆ ತೋರಿಸು ಎಂದೆ.

ಲೈಪ್‌ಜಿಗ್‌ಗೆ ಹತ್ತಿರದಲ್ಲೇ ಇದೆ ವೋಲ್ಫೆನ್. ಅಲ್ಲಿನ ಫಿಲ್ಮ್ ಕಾರ್ಖಾನೆ ಮೊದಲು ಆಗ್ಫಾ ಕಂಪನಿಯದು. 1936ರಲ್ಲಿ ಆಗ್ಫಾಕಲರ್ ಹುಟ್ಟಿದ್ದು ಇಲ್ಲೇ. ಯುದ್ಧ ಮುಗಿದಾಗ ಮೊದಲು ಬಂದ ಅಮೆರಿಕನ್ನರು ಸಂಶೋಧನೆಯ ಕಾಗದಪತ್ರ ಒಯ್ದರು, ನಂತರ ಬಂದ ಸೋವಿಯತ್ತರು ಯಂತ್ರಗಳ ಒಂದು ಪಾಲನ್ನು ಬಿಚ್ಚಿ ಉಕ್ರೇನಿನ ಶೋಸ್ಟ್ಕಾಗೆ ಸಾಗಿಸಿದರು. ಉಳಿದದ್ದರಲ್ಲೇ ಕೆಲಸ ಮುಂದುವರಿಯಿತು. ಪಶ್ಚಿಮದಲ್ಲೂ ಆಗ್ಫಾ ಇತ್ತು, ಹಾಗಾಗಿ 1964ರಲ್ಲಿ ಇವರು ‘ಓರ್ವೋ’ ಎಂಬ ಹೊಸ ಹೆಸರಿಟ್ಟುಕೊಂಡರು. ಕೊನೆಯ ವರ್ಷಗಳಲ್ಲಿ ಅಲ್ಲಿ ಸುಮಾರು 15,000 ಜನ ದುಡಿಯುತ್ತಿದ್ದರು, ಅರ್ಧಕ್ಕಿಂತ ಹೆಚ್ಚು ಮಂದಿ ಹೆಂಗಸರು. ಜರ್ಮನಿ ಒಂದಾಗಿ ಕೆಲವೇ ವರ್ಷಗಳಲ್ಲಿ ಕಾರ್ಖಾನೆ ಮುಚ್ಚಿತು. ಈಗ ಅದರ ಹಳೆಯ ಕಟ್ಟಡವೊಂದು ಮ್ಯೂಸಿಯಂ, ಯಂತ್ರಗಳು ಅಲ್ಲೇ ನಿಂತಿವೆ.

ನಮ್ಮನ್ನು ಒಳಗೆ ಕರೆದೊಯ್ದವರು ಅಲ್ಲೇ ದುಡಿದು ನಿವೃತ್ತರಾದ ಒಬ್ಬ ಅಜ್ಜಿ. ಅವರು ಹೇಳಿದ್ದನ್ನು ಮಗಳು ಕನ್ನಡದಲ್ಲಿ ಹೇಳುತ್ತ ಬಂದಳು. ಫಿಲ್ಮಿಗೆ ಬೆಳಕು ತಾಗಬಾರದು. ಆದ್ದರಿಂದ ಇಡೀ ಪಾಳಿಯ ಕೆಲಸ ಕತ್ತಲಲ್ಲಿ. ದಾರಿ ಪಾದಕ್ಕೆ ಗೊತ್ತಿರಬೇಕು, ಕತ್ತರಿ ಇಟ್ಟ ಜಾಗ ಕೈಗೆ ಗೊತ್ತಿರಬೇಕು. ಎದುರು ಬರುವವರಿಗೆ ಡಿಕ್ಕಿಯಾಗದಂತೆ ಬಾಯಲ್ಲಿ ಸದ್ದು ಮಾಡುತ್ತ ನಡೆಯುತ್ತಿದ್ದರಂತೆ. ಚಳಿಗಾಲದಲ್ಲಿ ಸೂರ್ಯ ಹುಟ್ಟುವ ಮೊದಲೇ ಒಳಗೆ ಹೋದರೆ ಹೊರಬರುವಾಗಲೂ ಕತ್ತಲೆ. ನಾನು ಹದಿನಾರನೇ ವಯಸ್ಸಿನಿಂದ ಡಾರ್ಕ್‌ರೂಮಿನಲ್ಲಿ ಡೆವಲಪರ್, ಹೈಪೊ ವಾಸನೆಯ ನಡುವೆ ನಿಂತವನು. ಆದರೆ ನಮಗೆ ಪ್ರಿಂಟು ಹಾಕುವಾಗ ಕೆಂಪು ದೀಪವಾದರೂ ಇರುತ್ತಿತ್ತು. “ನಾನು ನಿಮ್ಮ ಫಿಲ್ಮಿನಲ್ಲೇ ಅನ್ನ ತಿಂದವನು ಎಂದು ಹೇಳವ್ವಾ” ಎಂದೆ. ಮಗಳು ಹೇಳಿದಳು. ಅಜ್ಜಿ ನನ್ನ ಎರಡೂ ಕೈ ಹಿಡಿದುಕೊಂಡರು. ಹಿಂದುಸ್ತಾನಕ್ಕೆ ಹೋಗುವ ಪೆಟ್ಟಿಗೆಗಳನ್ನು ಕಟ್ಟುತ್ತಿದ್ದುದು ಅವರಿಗೂ ನೆನಪಿತ್ತು.

ಅದೇ ಅಜ್ಜಿ ಊರಿನ ಪಕ್ಕದ ಹೊಂಡದ ಬಗ್ಗೆಯೂ ಹೇಳಿದರು. ಕಾರ್ಖಾನೆಯ ಕೊಳಕು ನೀರನ್ನು ದಶಕಗಟ್ಟಲೆ ಬಿಟ್ಟ ಹಳೆಯ ಕಲ್ಲಿದ್ದಲ ಗುಂಡಿ ಅದು. ಜನ ಅದನ್ನು ಬೆಳ್ಳಿಕೆರೆ ಎಂದು ಕರೆಯುತ್ತಿದ್ದರು. ನಾತಕ್ಕೆ ಕಿಟಕಿ ತೆಗೆಯಲು ಆಗುತ್ತಿರಲಿಲ್ಲವಂತೆ. ಕೆಲಸದ ಹೆಮ್ಮೆ, ಹೊಂಡದ ಸಿಟ್ಟು ಎರಡನ್ನೂ ಅವರು ಒಂದೇ ಉಸಿರಿನಲ್ಲಿ ಹೇಳಿದರು. ಒಂದನ್ನು ಮುಚ್ಚಿಡಲು ಇನ್ನೊಂದನ್ನು ಮುಂದೆ ಮಾಡಲಿಲ್ಲ.

ಆ ದೇಶದ ವಸ್ತುಗಳ ಬಗ್ಗೆ ಮಾತಾಡುವಾಗ ಸಾಮಾನ್ಯವಾಗಿ ಆಗುವುದು ಇದಕ್ಕೆ ತದ್ವಿರುದ್ಧ. 1990ರ ಜುಲೈ 1ರಂದು ಪಶ್ಚಿಮದ ಮಾರ್ಕ್ ಚಲಾವಣೆಗೆ ಬಂದಾಗ ಜನ ಮನೆಯ ಸಾಮಾನನ್ನೆಲ್ಲ ಬೀದಿಗೆ ಎಸೆದರು. ರೇಡಿಯೊ, ಕುರ್ಚಿ, ಮಿಕ್ಸರ್, ಎಲ್ಲ ಕಸ. ಹತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಸಾಮಾನು ಹಳೆ ಸಂತೆಗಳಲ್ಲಿ ಬೆಲೆ ಬಾಳತೊಡಗಿತು. ಮೊದಲು ನಗೆಪಾಟಲು, ಆಮೇಲೆ ಮುದ್ದು. ಎರಡರಲ್ಲೂ ಅವುಗಳನ್ನು ಮಾಡಿದವರ ಮಾತಿಗೆ ಜಾಗವಿಲ್ಲ.

ಟ್ರಾಬಾಂಟ್ ಕಾರನ್ನೇ ನೋಡಿ. ‘ರಟ್ಟಿನ ಕಾರು’ ಎಂದು ಈಗಲೂ ಹಾಸ್ಯ ಮಾಡುತ್ತಾರೆ. ಕಾರಿನ ಮೈಗೆ ಬೇಕಾದ ಉಕ್ಕಿನ ತಗಡು ಸಿಗದಿದ್ದಾಗ, ಹತ್ತಿಯ ಗಿರಣಿಗಳಲ್ಲಿ ಉಳಿದ ನಾರನ್ನು ರಾಳದಲ್ಲಿ ಕೂಡಿಸಿ, ಬಿಸಿ ಮಾಡಿ, ಅಚ್ಚಿನಲ್ಲಿ ಒತ್ತಿ ಮೈ ಮಾಡಿದರು. ತುಕ್ಕು ಹಿಡಿಯದ ಮೈ. ತ್ಸ್ವಿಕಾವ್ ಊರಿನಲ್ಲಿ ಅಂಥ 30 ಲಕ್ಷಕ್ಕೂ ಹೆಚ್ಚು ಕಾರು ತಯಾರಾದವು. ಹೊಗೆ ಉಗುಳುವ ಟು-ಸ್ಟ್ರೋಕ್ ಎಂಜಿನ್ನನ್ನು ಬದಲಿಸಲು ವಿನ್ಯಾಸಕಾರರು ಹೊಸ ಮಾದರಿಗಳನ್ನು ಮಾಡಿಟ್ಟಿದ್ದರು, ಆಳುವ ಪಕ್ಷದ ಮೇಲಿನವರು ಒಪ್ಪಲಿಲ್ಲ. ಹೆಸರು ಬರೆಸಿದವರು ಹತ್ತು ವರ್ಷಕ್ಕೂ ಹೆಚ್ಚು ಕಾಯಬೇಕಿತ್ತು. ಇದೆಲ್ಲವೂ ಒಂದೇ ಕಾರಿನ ಕಥೆ.

ಅಲ್ಲಿ ವಿನ್ಯಾಸವೆಂಬುದು ಸರ್ಕಾರದ ಇಲಾಖೆಯ ಕೆಲಸವಾಗಿತ್ತು. 1950ರ ದಶಕದಲ್ಲಿ ಬೌಹೌಸ್ ಪಂಥದ ಸರಳ ರೂಪಗಳನ್ನು ಪಕ್ಷ ‘ರೂಪವಾದ’ ಎಂದು ಬೈದು ದೂರವಿಟ್ಟಿತು. ಬರ್ಲಿನ್ನಿನ ವೈಸೆನ್‌ಸೇ ಕಲಾಶಾಲೆಯನ್ನು ನಡೆಸುತ್ತಿದ್ದ ಡಚ್ ವಿನ್ಯಾಸಕಾರ ಮಾರ್ಟ್ ಸ್ಟಾಮ್ ಹುದ್ದೆ ಕಳೆದುಕೊಂಡು ದೇಶ ಬಿಟ್ಟರು. ಅದೇ ಸರ್ಕಾರ 1972ರಲ್ಲಿ ಕೈಗಾರಿಕಾ ವಿನ್ಯಾಸಕ್ಕೆಂದೇ ಒಂದು ಕೇಂದ್ರ ಕಚೇರಿ ತೆರೆಯಿತು, 1976ರಲ್ಲಿ ಡೆಸ್ಸಾವ್‌ನ ಬೌಹೌಸ್ ಕಟ್ಟಡವನ್ನು ದುರಸ್ತಿ ಮಾಡಿಸಿತು. ಬೈದವರೇ ಹೊಗಳಿದರು, ಅಷ್ಟೆ. ಇದೆಲ್ಲದರ ನಡುವೆ ಕೆಲಸ ಮಾಡಿದವರಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸಿದವರು ವಿನ್ಯಾಸಕಾರ ಕಾರ್ಲ್ ಕ್ಲೌಸ್ ಡೀಟೆಲ್. 2022ರಲ್ಲಿ ತೀರಿಕೊಂಡರು. ಇನ್ನೊಬ್ಬ ವಿನ್ಯಾಸಕಾರ ಲುಟ್ಸ್ ರುಡಾಲ್ಫ್ ಜೊತೆ ಅವರು ರೂಪಿಸಿದ ಸಿಮ್ಸನ್ ಮೊಪೆಡ್ಡಿನ ಭಾಗಗಳು ಹೊರಗೆ ಕಾಣುವಂತಿವೆ. ಯಾವುದು ಕೆಟ್ಟಿದೆಯೋ ಅದನ್ನು ಮಾತ್ರ ಬಿಚ್ಚಿ ಹೊಸದು ಹಾಕಬಹುದು, ಮುಂದೆ ಸುಧಾರಿಸಿದ ಭಾಗ ಬಂದರೂ ಹಳೆಯ ಗಾಡಿಗೇ ಕೂಡಿಸಬಹುದು. ಇದನ್ನು ಅವರು ‘ತೆರೆದ ತತ್ವ’ ಎಂದರು. ಕ್ಯಾಮೆರಾ ರಿಪೇರಿ ಮಾಡಿ ಬದುಕಿದವನಾಗಿ ಹೇಳುತ್ತೇನೆ, ಇದಕ್ಕಿಂತ ದೊಡ್ಡ ಉಪಕಾರವನ್ನು ವಿನ್ಯಾಸಕಾರನೊಬ್ಬ ಮಾಡಲಾರ. ಪೂರ್ವದ ಹಳ್ಳಿಗಳಲ್ಲಿ ಹುಡುಗರು ಇಂದಿಗೂ ಆ ಗಾಡಿ ಓಡಿಸುತ್ತಾರೆ. ಏಕೀಕರಣದ ಒಪ್ಪಂದದ ಪ್ರಕಾರ ಆ ಹಳೆಯ ಮೊಪೆಡ್ಡುಗಳಿಗೆ ಗಂಟೆಗೆ 60 ಕಿ.ಮೀ. ವೇಗದ ಅನುಮತಿ ಇದೆ, ಹೊಸವಕ್ಕೆ 45 ಮಾತ್ರ.

ಬರ್ಲಿನ್ನಿನಲ್ಲಿ ಹಳೆಯ ಬಿಯರ್ ಕಾರ್ಖಾನೆಯ ಆವರಣದಲ್ಲಿರುವ ಮ್ಯೂಸಿಯಂನಲ್ಲಿ 2013ರಿಂದ ಪೂರ್ವ ಜರ್ಮನಿಯ ದಿನನಿತ್ಯದ ಬದುಕಿನ ಪ್ರದರ್ಶನವಿದೆ, ಪ್ರವೇಶ ಉಚಿತ. ಅಲ್ಲಿಂದ ಹೊರಟ ಮೇಲೂ ನಾವು ಅಪ್ಪ ಮಗಳು ಮಾತಾಡಿದ್ದು ಆ ದೇಶದ ಒಡೆಯದ ಗಾಜಿನ ಬಗ್ಗೆ. ‘ಸೂಪರ್‌ಫೆಸ್ಟ್’ ಎಂದು ಅದರ ಹೆಸರು. ಶ್ವೆಪ್ನಿಟ್ಸ್ ಎಂಬ ಊರಿನಲ್ಲಿ 1980ರಿಂದ 1990ರವರೆಗೆ ಸುಮಾರು 12 ಕೋಟಿ ಲೋಟಗಳನ್ನು ಮಾಡಿದರು. ಸಿದ್ಧವಾದ ಲೋಟವನ್ನು ಕರಗಿದ ಪೊಟ್ಯಾಸಿಯಂ ಲವಣದಲ್ಲಿ ಇಟ್ಟರೆ ಗಾಜಿನ ಮೈಯಲ್ಲಿನ ಸಣ್ಣ ಸೋಡಿಯಂ ಅಯಾನುಗಳು ಹೊರಬಂದು ಆ ಜಾಗದಲ್ಲಿ ದೊಡ್ಡ ಪೊಟ್ಯಾಸಿಯಂ ಅಯಾನುಗಳು ಒತ್ತಿ ಕೂರುತ್ತವೆ. ಮೇಲ್ಮೈ ಬಿಗಿಯಾಗುತ್ತದೆ, ಲೋಟ ಬಿದ್ದರೂ ಸುಲಭಕ್ಕೆ ಒಡೆಯುವುದಿಲ್ಲ. ಕಚ್ಚಾವಸ್ತು ಉಳಿಸಬೇಕಾದ ಬಡತನದಿಂದ ಹುಟ್ಟಿದ ಜಾಣ್ಮೆ ಇದು. ಪಶ್ಚಿಮದ ವ್ಯಾಪಾರಿಗಳು ಕೊಳ್ಳಲಿಲ್ಲ. ಒಡೆಯದ ಲೋಟ ಮಾರಿದರೆ ಮತ್ತೆ ಯಾರು ಕೊಳ್ಳುತ್ತಾರೆ? ಇಂದು ನಮ್ಮ ಜೇಬಿನ ಮೊಬೈಲುಗಳ ಪರದೆಯ ಗಾಜು ಗಟ್ಟಿಯಾಗುವುದೂ ಇದೇ ತತ್ವದಿಂದ.

ಅದೇ ಬರ್ಲಿನ್ನಿನಲ್ಲಿ, ಸ್ಪ್ರೇ ನದಿಯ ದಂಡೆಯಲ್ಲಿ, 2006ರಲ್ಲಿ ತೆರೆದ ಖಾಸಗಿ ಮ್ಯೂಸಿಯಂ ಒಂದಿದೆ. ಅಲ್ಲಿ ಎಲ್ಲವನ್ನೂ ಮುಟ್ಟಬಹುದು, ಕಪಾಟು ತೆಗೆಯಬಹುದು, ಟ್ರಾಬಾಂಟಿನಲ್ಲಿ ಕೂತು ಓಡಿಸಿದಂತೆ ಆಟವಾಡಬಹುದು. ಮಕ್ಕಳು ಕುಣಿದಾಡುತ್ತಾರೆ, ಸಂತೋಷ. ಆದರೆ ಕಪಾಟಿನೊಳಗಿನ ಅಂಗಿ ಯಾರದು ಎಂಬ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಪೋಲೆಂಡ್ ಗಡಿಯ ಹತ್ತಿರದ ಐಸೆನ್‌ಹ್ಯೂಟೆನ್‌ಸ್ಟಾಟ್‌ನಲ್ಲಿ. 1950ರಲ್ಲಿ ಉಕ್ಕಿನ ಕಾರ್ಖಾನೆಗೆಂದು ಬಯಲಿನಲ್ಲಿ ಕಟ್ಟಿದ ಊರು ಅದು. ಎಂಟು ವರ್ಷ ಸ್ಟಾಲಿನ್‌ಸ್ಟಾಟ್ ಎಂದೂ ಕರೆಸಿಕೊಂಡಿತ್ತು. ಈಗ ಅಲ್ಲಿನ ಜನಸಂಖ್ಯೆ ಹಿಂದಿನ ಅರ್ಧಕ್ಕೂ ಕಡಿಮೆ. 1993ರಲ್ಲಿ, ಜನ ಇನ್ನೂ ಎಸೆಯುತ್ತಿದ್ದಾಗಲೇ, ಇತಿಹಾಸಕಾರ ಆಂಡ್ರಿಯಾಸ್ ಲುಡ್ವಿಗ್ ಅಲ್ಲೊಂದು ಸಂಗ್ರಹ ಆರಂಭಿಸಿದರು. ಕಟ್ಟಡ ಹಿಂದೆ ಶಿಶುವಿಹಾರವಾಗಿತ್ತು. ಮೆಟ್ಟಿಲ ಬಳಿ ಕಲಾವಿದ ವಾಲ್ಟರ್ ವೊಮಾಕಾ ಬಿಡಿಸಿದ ಮಕ್ಕಳ ಚಿತ್ರಗಳ ಬಣ್ಣದ ಗಾಜು ಇದೆ. ಮನೆಯಲ್ಲಿರುವುದನ್ನು ತಂದುಕೊಡಿ ಎಂದು ಜನರನ್ನೇ ಕೇಳಿದರು, ತಂದವರು ಆಡಿದ ಮಾತನ್ನೂ ದಾಖಲಿಸಿದರು. ಹೀಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ವಸ್ತುಗಳು ಸೇರಿದವು. ಮ್ಯೂಸಿಯಂ ಎಂದರೆ ನನ್ನ ಲೆಕ್ಕದಲ್ಲಿ ಇದು.

ಇಷ್ಟರಲ್ಲಿ ನಾನು ನನ್ನ ಕ್ಯಾಮೆರಾ ಹುಟ್ಟಿದ ಡ್ರೆಸ್ಡೆನ್ನಿಗೂ ಹೋಗಿ ಬಂದಿದ್ದೆ. ಪ್ರಾಕ್ಟಿಕಾ ಮಾಡುತ್ತಿದ್ದ ಪೆಂಟಾಕಾನ್ ಕಂಪನಿಯ ಗುರುತಿನಲ್ಲಿ ಒಂದು ಗೋಪುರವಿದೆಯಲ್ಲ, ಆ ಗೋಪುರದ ಕಟ್ಟಡವೇ ಈಗ ತಾಂತ್ರಿಕ ವಸ್ತುಗಳ ಮ್ಯೂಸಿಯಂ. ಸಾಲು ಸಾಲು ಕ್ಯಾಮೆರಾ ನೋಡಿ ಕಣ್ಣು ತುಂಬಿತು. 1990ರ ಅಕ್ಟೋಬರ್ ಮೊದಲ ವಾರದಲ್ಲೇ, ದೇಶದ ಜೊತೆಗೇ, ಕಂಪನಿಯನ್ನು ಮುಚ್ಚುವ ತೀರ್ಮಾನ ಬಂತು. ಸಾವಿರಾರು ಜನ ಬೀದಿಗೆ ಬಿದ್ದರು. ಅವರ ಬಗ್ಗೆ ಮರುಗುತ್ತಲೇ ಹೊರಬಂದೆ.

ಉಳಿದ ಅರ್ಧ ಕಥೆ ತಿಳಿದದ್ದು ಕೋಟ್‌ಬುಸ್ ಊರಿನ ಹಳೆಯ ಜೈಲಿನಲ್ಲಿ. ಆ ಜೈಲಿನಲ್ಲಿ ಹೆಚ್ಚಾಗಿ ಇದ್ದವರು ದೇಶ ಬಿಟ್ಟು ಹೋಗಲು ಯತ್ನಿಸಿ ಸಿಕ್ಕಿಬಿದ್ದವರು, ಸರ್ಕಾರದ ವಿರುದ್ಧ ಮಾತಾಡಿದವರು. 2011ರಲ್ಲಿ ಹಳೆಯ ಕೈದಿಗಳ ಸಂಘವೇ ಆ ಕಟ್ಟಡವನ್ನು ಕೊಂಡು ಸ್ಮಾರಕ ಮಾಡಿತು. ಅಲ್ಲಿ ಕೈದಿಗಳಿಂದ ಮಾಡಿಸುತ್ತಿದ್ದ ಕೆಲಸಗಳಲ್ಲಿ ಪೆಂಟಾಕಾನ್‌ಗೆ ಕ್ಯಾಮೆರಾದ ಲೋಹದ ಕವಚ ತಯಾರಿಸುವುದೂ ಒಂದು. ದಿನಕ್ಕೆ ಇಷ್ಟೆಂದು ನಿಗದಿ, ಆಗದಿದ್ದರೆ ಶಿಕ್ಷೆ. ಇದು ಒಂದು ಕಂಪನಿಯ ಮಾತಲ್ಲ. ಐಕಿಯಾ ಕಂಪನಿ ತನ್ನ ಪೀಠೋಪಕರಣಗಳಿಗಾಗಿ ಪೂರ್ವ ಜರ್ಮನಿಯ ಕೈದಿಗಳು ದುಡಿದಿದ್ದರು ಎಂದು 2012ರಲ್ಲಿ ಒಪ್ಪಿಕೊಂಡಿತು. 2024ರಲ್ಲಿ ಅದರ ಜರ್ಮನ್ ಶಾಖೆ ಅಂಥವರ ನೆರವಿನ ನಿಧಿಗೆ 60 ಲಕ್ಷ ಯೂರೊ ಕೊಡುವುದಾಗಿ ಹೇಳಿತು.

ಆ ರಾತ್ರಿ ನಿದ್ದೆ ಬರಲಿಲ್ಲ. ನನ್ನ ತಂಗಿಯ ಮದುವೆ ತೆಗೆದ ಕ್ಯಾಮೆರಾ, ನಮ್ಮ ಮನೆ ನಡೆಸಿದ ಕ್ಯಾಮೆರಾ. ಅದರ ಕವಚವನ್ನು ಯಾರ ಕೈ ಉಜ್ಜಿತ್ತೋ ಎಂಬ ಯೋಚನೆ. “ಇನ್ನು ಅದನ್ನ ಮುಟ್ಟೂದಿಲ್ಲೇನ ಅಪ್ಪಾ?” ಎಂದು ಬೆಳಿಗ್ಗೆ ಮಗಳು ಕೇಳಿದಳು. ಮುಟ್ಟುತ್ತೇನೆ. ಮಾಡಿದವರ ಕೆಲಸ ಕಳಪೆಯಲ್ಲ, ಮಾಡಿಸಿದ ರೀತಿ ಅನ್ಯಾಯದ್ದು. ಕ್ಯಾಮೆರಾವನ್ನು ಬಿಸಾಡಿದರೆ ಆ ಕೈದಿಯ ದುಡಿಮೆಯ ಕುರುಹನ್ನೂ ಬಿಸಾಡಿದಂತೆ.

ಅಮೆರಿಕದ ಲಾಸ್ ಏಂಜಲೀಸ್ ಬಳಿಯ ಕಲ್ವರ್ ಸಿಟಿಯಲ್ಲೂ ಆ ದೇಶದ ಸಾಮಾನುಗಳ ದೊಡ್ಡ ಸಂಗ್ರಹವಿದೆ. ಜಸ್ಟಿನಿಯನ್ ಜಾಂಪೋಲ್ 2002ರಲ್ಲಿ ಆರಂಭಿಸಿದ ವೆಂಡೆ ಮ್ಯೂಸಿಯಂ ಅದು. ಅವರೂ ಅಂದು ಬದುಕಿದವರ ನೆನಪುಗಳನ್ನು ದಾಖಲಿಸುತ್ತಾರೆ. ಒಳ್ಳೆಯದು. ಹೇಳುವವರು ಈಗ ಎಪ್ಪತ್ತು, ಎಂಬತ್ತು ದಾಟಿದ್ದಾರೆ.

ಬರ್ಲಿನ್ನಿಗೆ ಹೋಗುವ ಕನ್ನಡಿಗರು ಈಗ ಬಹಳ. ಗೋಡೆಯ ತುಂಡಿನ ಮುಂದೆ ಫೋಟೊ ತೆಗೆಸಿಕೊಂಡು, ಟ್ರಾಬಾಂಟಿನಲ್ಲಿ ಕೂತು ಬಂದರೆ ಸಾಲದು. ಪೂರ್ವದ ಕಡೆ ಹೋಗುವ ರೈಲು ಹತ್ತಿ ಐಸೆನ್‌ಹ್ಯೂಟೆನ್‌ಸ್ಟಾಟ್‌ನಲ್ಲಿ ಇಳಿಯಿರಿ, ಮರುದಿನ ಕೋಟ್‌ಬುಸ್‌ಗೆ ಹೋಗಿ. ಅಲ್ಲಿದ್ದವರೇ ಸಿಕ್ಕರೆ ಮಾತಾಡಿಸಿ. ನಿಮ್ಮ ಮನೆಯಲ್ಲಿ ಹಳೆಯ ಪ್ರಾಕ್ಟಿಕಾ ಇದ್ದರೆ ಗುಜರಿಗೆ ಹಾಕಬೇಡಿ. ಯಾರು ಕೊಂಡರು, ಯಾವ ವರ್ಷ, ಅದರಲ್ಲಿ ಯಾರ ಯಾರ ಚಿತ್ರ ತೆಗೆದರು ಎಂದು ಒಂದು ಹಾಳೆಯಲ್ಲಿ ಬರೆದು ಅದರ ಚೀಲದೊಳಗೆ ಇಡಿ.